ಸರ್ವರ್ ಬದಲಾಯಿತು, ಟೂಲ್ ಹಾಗೇ ಉಳಿಯಿತು: ಒಂದು ಡೇಟಾಬೇಸ್ ಅಪ್‌ಗ್ರೇಡ್‌ನ ಒಂಬತ್ತು ದಿನ

ಈ ಪ್ರಕರಣ ಒಂದು ಮಧ್ಯಮ ಗಾತ್ರದ ಸಂಸ್ಥೆಯದು. ಸಂಸ್ಥೆಯ ಹೆಸರು, ಅಲ್ಲಿನ ಜನರ ಹೆಸರು, ಅವರು ಮಾಡುವ ವ್ಯವಹಾರ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಅಳತೆಗಳನ್ನೂ ಬದಲಿಸಿದ್ದೇನೆ. ಏನಾದ ಮೇಲೆ ಏನಾಯಿತು ಎಂಬುದು ಮಾತ್ರ ಇದ್ದ ಹಾಗೇ ಇದೆ. ಅಪ್‌ಗ್ರೇಡ್ ಯೋಜನೆ ಬರೆಯುವಾಗ ನಾನೂ ಆ ತಂಡದ ಜೊತೆ ಕೂತಿದ್ದೆ. ಹಾಗಾಗಿ ಯೋಜನೆಯಲ್ಲಿ ಬಿಟ್ಟುಹೋದದ್ದಕ್ಕೆ ನಾನೂ ಹೊಣೆ. ಬೇರೆಯವರಿಗೆ ಇದು ಆಗದಿರಲಿ ಎಂಬ ಒಂದೇ ಕಾರಣಕ್ಕೆ ಬರೆಯುತ್ತಿದ್ದೇನೆ.

ಮೊದಲು ಏನಿತ್ತು

ಅವರ ಬಳಿ ಇದ್ದದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 9.6 ಆವೃತ್ತಿ. ಲಿನಕ್ಸ್ ಸರ್ವರ್ ಮೇಲೆ ಸುಮಾರು 60 ಜಿಬಿ ಡೇಟಾಬೇಸ್, ಪಕ್ಕದಲ್ಲಿ ಒಂದು ರೆಪ್ಲಿಕಾ, ಅಂದರೆ ಮುಖ್ಯ ಸರ್ವರ್‌ನಲ್ಲಿ ಆದದ್ದನ್ನೆಲ್ಲ ಜೊತೆಜೊತೆಗೇ ನಕಲು ಮಾಡಿಕೊಳ್ಳುವ ಇನ್ನೊಂದು ಸರ್ವರ್. ಡೇಟಾಬೇಸ್ ನೋಡಿಕೊಳ್ಳುವ ಒಬ್ಬರು ಡಿಬಿಎ, ಇಬ್ಬರು ಡೆವಲಪರ್‌ಗಳು, ಇಬ್ಬರು ಆಪರೇಟರ್‌ಗಳು. ಆಪರೇಟರ್‌ಗಳ ಕೆಲಸ ಇಡೀ ದಿನ ಡೇಟಾಬೇಸ್ ಮುಂದೆಯೇ. ತಪ್ಪು ನಮೂದು ತಿದ್ದುವುದು, ವರದಿಗೆ ಡೇಟಾ ತೆಗೆದುಕೊಡುವುದು, ಬ್ಯಾಕಪ್ ನೋಡಿಕೊಳ್ಳುವುದು. ಇಬ್ಬರ ವಿಂಡೋಸ್ ಕಂಪ್ಯೂಟರ್‌ನಲ್ಲೂ ಪೋಸ್ಟ್‌ಗ್ರೆಸ್ ತೆರೆದು ನೋಡುವ, ತಿದ್ದುವ ಟೂಲ್ ಆದ ಪಿಜಿಅಡ್ಮಿನ್ 3 ಇತ್ತು.

ಪೋಸ್ಟ್‌ಗ್ರೆಸ್ 9.6 ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅದರ ಜೊತೆಗೇ ಪಿಜಿಅಡ್ಮಿನ್ 4 ಕೂಡ ಬಂತು. ಹಳೆಯ 3 ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಡೆಸ್ಕ್‌ಟಾಪ್ ಪ್ರೋಗ್ರಾಂ. 4 ಪೂರ್ತಿ ಹೊಸದಾಗಿ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು, ಬ್ರೌಸರ್‌ನಲ್ಲಿ ತೆರೆದುಕೊಳ್ಳುವಂಥದ್ದು. ಅಲ್ಲಿಂದ ಮುಂದೆ 3ರ ಮೇಲೆ ಕೆಲಸ ನಿಂತುಹೋಯಿತು. ಈ ಆಪರೇಟರ್‌ಗಳು ಶುರುವಿನಲ್ಲೇ 4ನ್ನು ಹಾಕಿ ನೋಡಿದ್ದರು. ನಿಧಾನ ಅನ್ನಿಸಿ ವಾಪಸ್ 3ಕ್ಕೆ ಬಂದಿದ್ದರು. ಆಗಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಆದರೆ ಮತ್ತೊಮ್ಮೆ ನೋಡೋಣ ಎಂದು ಆರು ವರ್ಷ ಯಾರೂ ಹೇಳಲಿಲ್ಲ.

ಪಿಜಿಅಡ್ಮಿನ್ 3 ತೆರೆದಾಗಲೆಲ್ಲ ಒಂದು ಎಚ್ಚರಿಕೆ ಬರುತ್ತಿತ್ತು. ಈ ಸರ್ವರ್ ಆವೃತ್ತಿಯ ಜೊತೆ ಈ ಟೂಲನ್ನು ಪರೀಕ್ಷೆ ಮಾಡಿಲ್ಲ ಎಂಬ ಅರ್ಥದ್ದು. ಹಿರಿಯ ಆಪರೇಟರ್ ಅದನ್ನು ಓದದೆಯೇ ಓಕೆ ಒತ್ತುವುದನ್ನು ನಾನೇ ನೋಡಿದ್ದೆ. ಕೈ ತಾನಾಗಿ ಹೋಗಿ ಒತ್ತುತ್ತಿತ್ತು. ಅಂದು ಅದನ್ನು ನೋಡಿ ನಾನು ಏನನ್ನೂ ಕೇಳಲಿಲ್ಲ.

ಯೋಜನೆ

ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೆ ಐದು ವರ್ಷ ಬೆಂಬಲ ಇರುತ್ತದೆ. 9.6ರ ಬೆಂಬಲ 2021ರ ನವೆಂಬರ್‌ನಲ್ಲೇ ಮುಗಿದಿತ್ತು. 2022ರ ಅಕ್ಟೋಬರ್‌ನಲ್ಲಿ 15 ಬಂದ ಮೇಲೆ, ನಡುವಿನದ್ದೆಲ್ಲ ಬಿಟ್ಟು ನೇರವಾಗಿ ಅದಕ್ಕೇ ಹೋಗೋಣ ಎಂದು ತೀರ್ಮಾನವಾಯಿತು. ಐದು ದೊಡ್ಡ ಆವೃತ್ತಿಗಳನ್ನು ಒಂದೇ ನೆಗೆತಕ್ಕೆ ದಾಟಬೇಕಿತ್ತು.

ಸರ್ವರ್ ಕಡೆಯ ತಯಾರಿ ಚೆನ್ನಾಗಿಯೇ ಆಯಿತು. ಡೇಟಾಬೇಸನ್ನು ಹೊಸ ಆವೃತ್ತಿಗೆ ತರುವ ಪಿಜಿ ಅಪ್‌ಗ್ರೇಡ್ ಪ್ರೋಗ್ರಾಮನ್ನು ಮೊದಲು ಚೆಕ್ ಮೋಡ್‌ನಲ್ಲಿ, ಅಂದರೆ ಏನನ್ನೂ ಬದಲಿಸದೆ ತೊಡಕು ಹುಡುಕುವಷ್ಟಕ್ಕೇ, ಓಡಿಸಿದೆವು. ಒಂದು ಹಳೆಯ ಟೇಬಲ್ ಓಐಡಿ ಇಟ್ಟುಕೊಂಡಿದೆ ಎಂದು ಅದು ಹೇಳಿತು. ಓಐಡಿ ಅಂದರೆ ಪ್ರತಿ ಸಾಲಿಗೂ ಪೋಸ್ಟ್‌ಗ್ರೆಸ್ ಒಳಗೊಳಗೇ ಕೊಡುತ್ತಿದ್ದ ಒಂದು ಅಡಗಿದ ಸಂಖ್ಯೆ. ಬಳಕೆದಾರರ ಟೇಬಲ್‌ಗಳಲ್ಲಿ ಈ ಸೌಲಭ್ಯವನ್ನು 12ರಲ್ಲಿ ತೆಗೆದುಹಾಕಿದರು. ಅಪ್ಲಿಕೇಶನ್‌ನ ಕೋಡ್ ಎಲ್ಲೂ ಅದನ್ನು ಬಳಸುತ್ತಿಲ್ಲ ಎಂದು ಡೆವಲಪರ್‌ಗಳು ಹುಡುಕಿ ಖಾತ್ರಿ ಮಾಡಿಕೊಂಡರು. ಟೇಬಲ್‌ನ ರಚನೆ ಬದಲಿಸುವ ಒಂದು ಆಲ್ಟರ್ ಟೇಬಲ್ ಆಜ್ಞೆಯಲ್ಲಿ ಅದು ಹೋಯಿತು. ಈ ಸಾಲನ್ನು ನೆನಪಿಡಿ, ಮತ್ತೆ ಬರುತ್ತದೆ.

ರೆಪ್ಲಿಕಾದ ಸೆಟ್ಟಿಂಗ್‌ಗಳಿದ್ದ ರಿಕವರಿ ಡಾಟ್ ಕಾನ್ಫ್ ಫೈಲ್ ಕೂಡ 12ರಿಂದ ಇಲ್ಲ. ಆ ಫೈಲ್ ಇದ್ದರೆ ಸರ್ವರ್ ಏಳುವುದೇ ಇಲ್ಲ. ಸೆಟ್ಟಿಂಗ್‌ಗಳನ್ನು ಮುಖ್ಯ ಕಾನ್ಫಿಗ್ ಫೈಲಿಗೆ ತಂದು, ಸ್ಟ್ಯಾಂಡ್‌ಬೈ ಡಾಟ್ ಸಿಗ್ನಲ್ ಎಂಬ ಖಾಲಿ ಫೈಲ್ ಇಡಬೇಕು. ಮಾನಿಟರಿಂಗ್ ಸ್ಕ್ರಿಪ್ಟ್‌ಗಳಲ್ಲಿ ಎಕ್ಸ್‌ಲಾಗ್ ಎಂದಿದ್ದ ಕಡೆಯೆಲ್ಲ ವಾಲ್ ಎಂದಾಯಿತು. ಡೇಟಾದ ಪ್ರತಿ ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಮೊದಲು ಬರೆದಿಡುವ ಆ ಫೋಲ್ಡರ್‌ನ ಹೆಸರನ್ನೇ 10ರಲ್ಲಿ ಬದಲಿಸಿದ್ದರು. ಹೆಸರಿನಲ್ಲಿ ಲಾಗ್ ಎಂದಿದೆ, ಸುಮ್ನೆ ಜಾಗ ತಿನ್ನುತ್ತಿದೆ ಎಂದುಕೊಂಡು ಜನ ಅದನ್ನು ಅಳಿಸಿ ಡೇಟಾಬೇಸನ್ನೇ ಕಳೆದುಕೊಳ್ಳುತ್ತಿದ್ದರು. ಒಂದು ಹೆಸರು ಬದಲಿಸಿ ಅಷ್ಟು ದೊಡ್ಡ ಅನಾಹುತ ತಪ್ಪಿಸಿದ್ದು ನನಗೆ ಇವತ್ತಿಗೂ ಮೆಚ್ಚುಗೆಯ ವಿಷಯ.

ಒಂದು ವಿಷಯದಲ್ಲಿ ಮಾತ್ರ ವಾದ ನಡೆಯಿತು. ಪಿಜಿ ಅಪ್‌ಗ್ರೇಡ್‌ಗೆ ಎರಡು ದಾರಿ ಇದೆ. ಲಿಂಕ್ ಮಾಡಿದರೆ ಹಳೆಯದೂ ಹೊಸದೂ ಡಿಸ್ಕ್‌ನಲ್ಲಿರುವ ಅದೇ ಫೈಲ್‌ಗಳನ್ನು ಬಳಸುತ್ತವೆ. ಕೆಲಸ ಬೇಗ ಮುಗಿಯುತ್ತದೆ, ಜಾಗ ಬೇಡ. ಆದರೆ ಹೊಸ ಸರ್ವರ್ ಒಮ್ಮೆ ಶುರುವಾದರೆ ಹಳೆಯದನ್ನು ಮತ್ತೆ ನಂಬಿಕೊಂಡು ಶುರು ಮಾಡುವಂತಿಲ್ಲ. ಕಾಪಿ ಮಾಡಿದರೆ ಸಮಯ ಹಿಡಿಯುತ್ತದೆ, ಎರಡು ಪಟ್ಟು ಜಾಗ ಬೇಕು, ಹಳೆಯದು ಮಾತ್ರ ಹಾಗೇ ಉಳಿಯುತ್ತದೆ. ಡಿಸ್ಕ್ ತುಂಬುತ್ತದೆ ಎಂದು ಡಿಬಿಎ ಲಿಂಕ್ ಕಡೆಗಿದ್ದರು. ಕಿರಿಯ ಡೆವಲಪರ್ ಒಪ್ಪಲಿಲ್ಲ. "ಸರ್, ಹತ್ತು ದಿನ ಡಿಸ್ಕ್ ಬಿಗಿಯಾಗಿರಲಿ ಬಿಡಿ, ಹಿಂದಕ್ಕೆ ಹೋಗೋ ದಾರಿ ಒಂದು ಇರಲಿ" ಎಂದರು. ಹತ್ತು ದಿನ ಎಂಬ ಲೆಕ್ಕಕ್ಕೆ ಎಲ್ಲರೂ ಒಪ್ಪಿದರು. ಕಾಪಿಯೇ ಆಯಿತು.

ಪರೀಕ್ಷೆಯನ್ನು ಬೇರೆ ಯಂತ್ರದಲ್ಲಿ ಎರಡು ಸಲ ಮಾಡಿದೆವು. ಅಪ್ಲಿಕೇಶನ್ ಓಡಿತು, ಕ್ವೆರಿಗಳು ಸರಿ ಬಂದವು. ಎಲ್ಲವನ್ನೂ ನೋಡಿದ್ದು ಸರ್ವರ್ ಮೇಲಿನ ಪಿಎಸ್‌ಕ್ಯೂಎಲ್‌ನಿಂದ, ಅಂದರೆ ಆಜ್ಞೆ ಟೈಪ್ ಮಾಡಿ ಬಳಸುವ ಟೂಲ್‌ನಿಂದ. ಅದು 15ರ ಜೊತೆಗೇ ಬಂದದ್ದು, ಸರಿಯಾಗಿ ಕೆಲಸ ಮಾಡದೆ ಇರುತ್ತದೆಯೇ? ಆಪರೇಟರ್‌ಗಳ ಕಂಪ್ಯೂಟರ್‌ನಿಂದ ಒಂದು ಸಲ ಕನೆಕ್ಟ್ ಮಾಡಿ ನೋಡಿ ಎಂದು ನಾವು ಯಾರೂ ಹೇಳಲಿಲ್ಲ. ಯೋಜನೆಯ ಕಾಗದದಲ್ಲಿ ಸರ್ವರ್ ಇತ್ತು, ರೆಪ್ಲಿಕಾ ಇತ್ತು, ಅಪ್ಲಿಕೇಶನ್ ಇತ್ತು, ಮಾನಿಟರಿಂಗ್ ಇತ್ತು. ಪಿಜಿಅಡ್ಮಿನ್ ಎಂಬ ಪದವೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ

ಶನಿವಾರ ರಾತ್ರಿ ಅಪ್‌ಗ್ರೇಡ್ ಮುಗಿಯಿತು. ಕ್ವೆರಿ ಬೇಗ ಓಡಿಸಲು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಅಂಕಿಅಂಶಗಳನ್ನು ಪಿಜಿ ಅಪ್‌ಗ್ರೇಡ್ ಆಗ ಹೊಸ ಕಡೆಗೆ ತರುತ್ತಿರಲಿಲ್ಲ, ಅದಕ್ಕೆ ಅವನ್ನು ಮತ್ತೆ ಲೆಕ್ಕಹಾಕುವ ಅನಲೈಸ್ ಕೂಡ ಓಡಿಸಿದೆವು. ಭಾನುವಾರ ಅಪ್ಲಿಕೇಶನ್ ಮೊದಲಿಗಿಂತ ಚುರುಕಾಗಿತ್ತು. ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋದೆವು.

ಸೋಮವಾರ ಬೆಳಿಗ್ಗೆಯೇ ಹಿರಿಯ ಆಪರೇಟರ್ ಫೋನ್ ಮಾಡಿದರು. "ಸರ್, ಡೇಟಾಬೇಸ್ ಓಪನ್ ಆಗ್ತಿಲ್ಲ. ಏನೋ ಒಂದು ಕಾಲಂ ಇಲ್ಲ ಅಂತಿದೆ. ನಮ್ಮ ಟೇಬಲ್‌ನಲ್ಲಿ ಇಂಥ ಹೆಸರೇ ನಾನು ನೋಡಿಲ್ಲ." ಕಾಲಂನ ಹೆಸರು ಡ್ಯಾಟ್‌ಲಾಸ್ಟ್‌ಸಿಸ್‌ಓಐಡಿ.

ಅವರು ಹೇಳಿದ್ದು ಸರಿ. ಅದು ಅವರ ಟೇಬಲ್‌ನದ್ದಲ್ಲ, ಪೋಸ್ಟ್‌ಗ್ರೆಸ್ ತನ್ನ ಲೆಕ್ಕವನ್ನು ತಾನು ಇಟ್ಟುಕೊಳ್ಳುವ ಸಿಸ್ಟಮ್ ಟೇಬಲ್‌ನದ್ದು. ಅಡ್ಮಿನ್ ಟೂಲ್‌ನ ಎಡಗಡೆ ಮರದ ಹಾಗೆ ಡೇಟಾಬೇಸ್, ಟೇಬಲ್, ಕಾಲಂ ಎಂದು ಬಿಚ್ಚಿಕೊಳ್ಳುತ್ತದಲ್ಲ, ಅದರ ಪ್ರತಿ ಕ್ಲಿಕ್‌ಗೂ ಟೂಲ್ ಡೇಟಾಬೇಸ್‌ಗೆ ಒಂದು ಸೆಲೆಕ್ಟ್, ಅಂದರೆ ಒಂದು ಪ್ರಶ್ನೆ, ಕಳಿಸುತ್ತದೆ. ಆ ಪ್ರಶ್ನೆಗಳನ್ನು ಬರೆದವರು ಟೂಲ್ ಮಾಡಿದವರು, ತಮ್ಮ ಕಾಲದ ಸಿಸ್ಟಮ್ ಟೇಬಲ್‌ಗಳನ್ನು ನೋಡಿಕೊಂಡು. ಸಿಸ್ಟಮ್ ಟೇಬಲ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. 11ರಲ್ಲಿ ಫಂಕ್ಷನ್‌ಗಳ ಪಟ್ಟಿಯಿಂದ ಪ್ರೊಇಸ್‌ಆಗ್ ಎಂಬ ಕಾಲಂ ಹೋಗಿ ಪ್ರೊಕೈಂಡ್ ಬಂತು. 12ರಲ್ಲಿ ರೆಲ್‌ಹ್ಯಾಸ್‌ಓಐಡಿಎಸ್ ಹೋಯಿತು, ಕಾನ್‌ಎಸ್‌ಆರ್‌ಸಿ ಹೋಯಿತು. 15ರಲ್ಲಿ ಈ ಡ್ಯಾಟ್‌ಲಾಸ್ಟ್‌ಸಿಸ್‌ಓಐಡಿ ಹೋಯಿತು. ಸಾಮಾನ್ಯ ಅಪ್ಲಿಕೇಶನ್‌ಗೆ ಇವು ಯಾವುವೂ ತಾಗುವುದಿಲ್ಲ, ಅದು ತನ್ನ ಟೇಬಲ್‌ಗಳನ್ನಷ್ಟೇ ಕೇಳುತ್ತದೆ. ಅಡ್ಮಿನ್ ಟೂಲ್‌ಗೆ ಮಾತ್ರ ಒಂದೊಂದೂ ತಾಗುತ್ತದೆ.

ಅಂದೇ ಎರಡೂ ಕಂಪ್ಯೂಟರ್‌ಗೆ ಹೊಸ ಪಿಜಿಅಡ್ಮಿನ್ 4 ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಕೆಲಸ ಶುರು ಮಾಡಿದರು. ಸಮಸ್ಯೆ ಮುಗಿಯಿತು ಎಂದು ಬರೆದು ನಾವು ಮುಂದಕ್ಕೆ ಹೋದೆವು. ಹಿಂದಿರುಗಿ ನೋಡಿದರೆ ನಮ್ಮ ದೊಡ್ಡ ತಪ್ಪು ಆದದ್ದು ಅಲ್ಲೇ ಎಂದು ನನ್ನ ಅಭಿಪ್ರಾಯ. ಟೂಲ್ ಹಳೆಯದಾಗಿತ್ತು ಎಂದು ಗೊತ್ತಾದ ಕ್ಷಣದಲ್ಲಿ, ಆ ಟೂಲನ್ನು ಹಿಡಿದುಕೊಂಡು ಇನ್ನೇನೇನು ನಡೆಯುತ್ತಿತ್ತು ಎಂದು ಕೇಳಬೇಕಿತ್ತು. ನಾವು ಇನ್‌ಸ್ಟಾಲ್ ಮಾಡಿ ಸುಮ್ಮನಾದೆವು.

ಬೀಗದ ಗುರುತು

ಮಂಗಳವಾರ ಎರಡನೇ ದೂರು. ಒಂದು ಟೇಬಲ್ ಮಾತ್ರ ತಿದ್ದಲು ಬರುತ್ತಿಲ್ಲ. ಬೇರೆ ಟೇಬಲ್‌ಗಳು ತೆರೆದು ತಿದ್ದಲು ಬಿಡುತ್ತವೆ, ಇದರ ಕಾಲಂಗಳ ಮೇಲೆ ಬೀಗದ ಚಿತ್ರ. ಬೀಗ ನೋಡಿದರೆ ಯಾರಿಗಾದರೂ ಏನನ್ನಿಸುತ್ತದೆ? ಅನುಮತಿ ಇಲ್ಲ ಅಂತ ಅಲ್ವಾ? ಅಂದು ಡಿಬಿಎ ರಜೆಯಲ್ಲಿದ್ದರು. ಕೆಲಸ ನಿಂತಿದೆ, ತುರ್ತು ಇದೆ ಎಂದು ಹಿರಿಯ ಡೆವಲಪರ್ ಆಪರೇಟರ್ ಲಾಗಿನ್‌ಗೆ ಸೂಪರ್‌ಯೂಸರ್, ಅಂದರೆ ಎಲ್ಲ ಅನುಮತಿಯೂ ಇರುವ ಅಧಿಕಾರ, ಕೊಟ್ಟುಬಿಟ್ಟರು.

ಬೀಗ ಹೋಗಲಿಲ್ಲ.

ಇಡೀ ಪ್ರಕರಣದಲ್ಲಿ ಒಳ್ಳೆಯ ಸುಳಿವು ಸಿಕ್ಕಿದ್ದು ಇಲ್ಲಿಂದಲೇ. ಸೂಪರ್‌ಯೂಸರ್‌ಗೂ ತಿದ್ದಲು ಬಿಡುತ್ತಿಲ್ಲ ಅಂದರೆ ತಡೆಯುತ್ತಿರುವುದು ಅನುಮತಿ ಆಗಿರಲಿಕ್ಕಿಲ್ಲ. ಕಿರಿಯ ಡೆವಲಪರ್ ಟೇಬಲ್‌ನ ರಚನೆ ತೆಗೆದು ನೋಡಿದರು. ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ, ಇಲ್ಲ. ಟೂಲ್‌ನ ಗ್ರಿಡ್‌ನಲ್ಲಿ ನೀವು ಒಂದು ಸಾಲು ತಿದ್ದಿದರೆ, ಟೂಲ್ ಅದನ್ನು ಅಪ್‌ಡೇಟ್ ಆಗಿ ಬರೆಯಬೇಕು. ಯಾವ ಸಾಲು ಎಂದು ಹೇಳಲು ಅದಕ್ಕೊಂದು ಗುರುತು ಬೇಕು. ಪ್ರೈಮರಿ ಕೀ ಇಲ್ಲದಿದ್ದರೆ ಓಐಡಿ ಆದರೂ ಆದೀತು. ಎರಡೂ ಇಲ್ಲದಿದ್ದರೆ ಓದಲು ಮಾತ್ರ. ಇಷ್ಟು ವರ್ಷ ಈ ಟೇಬಲ್‌ನ ತಿದ್ದುಪಡಿ ನಡೆಯುತ್ತಿದ್ದದ್ದು ಓಐಡಿಯ ಆಸರೆಯಲ್ಲಿ. ಅದೇ ಓಐಡಿಯನ್ನು ನಾವು ಅಪ್‌ಗ್ರೇಡ್‌ಗೆ ಮೊದಲು ಯಾರೂ ಬಳಸುತ್ತಿಲ್ಲ ಎಂದು ಹೇಳಿ ತೆಗೆದಿದ್ದೆವು. ಕೋಡ್ ಬಳಸುತ್ತಿರಲಿಲ್ಲ, ನಿಜ. ಟೂಲ್ ಬಳಸುತ್ತಿತ್ತು.

ಪ್ರೈಮರಿ ಕೀ ಸೇರಿಸಲು ಹೋದರೆ ಎರಡು ಸಾಲು ಒಂದೇ ಕೋಡ್ ಇಟ್ಟುಕೊಂಡು ಕೂತಿದ್ದವು. ಯಾವುದು ಸರಿ ಎಂದು ಹಿರಿಯ ಆಪರೇಟರ್‌ಗೆ ಮಾತ್ರ ಗೊತ್ತಿತ್ತು. ಅವರು ಪುಸ್ತಕ ತೆಗೆದು ನೋಡಿ ಹೇಳಿದರು. ಒಂದನ್ನು ಅಳಿಸಿ ಕೀ ಹಾಕಿದ ಮೇಲೆ ಬೀಗ ಹೋಯಿತು.

ಗ್ರಿಡ್ ಬಗ್ಗೆ ಇನ್ನೊಂದು ಮಾತು. ಪಿಜಿಅಡ್ಮಿನ್ 3ರಲ್ಲಿ ಒಂದು ಸಾಲು ತಿದ್ದಿ ಮುಂದಿನ ಸಾಲಿಗೆ ಇಳಿದರೆ ಹಿಂದಿನದು ತಾನೇ ಸೇವ್ ಆಗುತ್ತಿತ್ತು. 4ರಲ್ಲಿ ತಿದ್ದಿದ್ದು ಪರದೆಯ ಮೇಲೆ ಕಾಣುತ್ತದೆ, ಆದರೆ ಸೇವ್ ಒತ್ತುವ ತನಕ ಡೇಟಾಬೇಸ್‌ಗೆ ಹೋಗುವುದಿಲ್ಲ. ಆರು ವರ್ಷದ ಅಭ್ಯಾಸದ ಕೈ. ಒಬ್ಬರು ಇಡೀ ಬೆಳಿಗ್ಗೆ ತಿದ್ದುತ್ತಿದ್ದರು, ಪಕ್ಕದವರ ಪರದೆಯಲ್ಲಿ ಏನೂ ಬದಲಾಗಿರಲಿಲ್ಲ. ಇದನ್ನು ಅವರೇ ಕಂಡುಹಿಡಿದು, ಸೇವ್ ಬಟನ್ ಎಂದು ಮಾನಿಟರ್‌ನ ಅಂಚಿಗೆ ಚೀಟಿ ಅಂಟಿಸಿಕೊಂಡರು. ಟೂಲ್ ಬದಲಿಸುವಾಗ ಇಂಥದ್ದನ್ನು ಹೇಳಿಕೊಡಲು ಅರ್ಧ ಗಂಟೆ ಸಾಕಿತ್ತು. ನಾವು ಅದನ್ನೂ ಕೊಟ್ಟಿರಲಿಲ್ಲ.

ಪಾಸ್‌ವರ್ಡ್ ಬದಲಿಸಿದ ಮೇಲೆ

ಗುರುವಾರ ಡಿಬಿಎ ವಾಪಸ್ ಬಂದರು. ಆಪರೇಟರ್ ಲಾಗಿನ್ ಇನ್ನೂ ಸೂಪರ್‌ಯೂಸರ್ ಆಗಿಯೇ ಉಳಿದಿದ್ದು ಕಂಡು ಅವರಿಗೆ ಬೇಸರವಾಯಿತು, ಆಗಬೇಕಾದ್ದೇ. ತೆಗೆದರು. ಗಡಿಬಿಡಿಯಲ್ಲಿ ಪಾಸ್‌ವರ್ಡ್‌ಗಳು ಮೆಸೇಜ್‌ನಲ್ಲಿ ಓಡಾಡಿದ್ದವು, ಹಾಗಾಗಿ ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಿದರು. ಸರಿಯಾದ ಕ್ರಮ. ಆದರೆ ಸಂಜೆಗೆ ವರದಿ ತೆಗೆಯುವ ಒಂದು ಹಳೆಯ ಕಂಪ್ಯೂಟರ್ ಕನೆಕ್ಟ್ ಆಗುವುದನ್ನು ನಿಲ್ಲಿಸಿತು. ಅಥೆಂಟಿಕೇಶನ್ ಮೆಥಡ್ 10 ಗೊತ್ತಿಲ್ಲ ಎಂಬ ದೋಷ.

ಇದರ ಹಿಂದಿನ ಕಾರಣ ಆವೃತ್ತಿ 14ರಲ್ಲಿದೆ. ಅಲ್ಲಿಯವರೆಗೆ ಹೊಸ ಪಾಸ್‌ವರ್ಡ್‌ಗಳನ್ನು ಎಂಡಿ5 ಎಂಬ ಮರೆಮಾಡಿದ ರೂಪದಲ್ಲಿ ಇಡುವುದು ವಾಡಿಕೆ. 14ರಿಂದ ಅದಕ್ಕಿಂತ ಭದ್ರವಾದ ಸ್ಕ್ರಾಮ್ ಡೀಫಾಲ್ಟ್ ಆಯಿತು. ಸ್ಕ್ರಾಮ್ ಬಂದದ್ದು 10ರಲ್ಲಿ, ಅದಕ್ಕಿಂತ ಹಳೆಯ ಕ್ಲೈಂಟ್ ಲೈಬ್ರರಿಗೆ, ಅಂದರೆ ಕಂಪ್ಯೂಟರನ್ನು ಡೇಟಾಬೇಸ್‌ಗೆ ಜೋಡಿಸುವ ಡ್ರೈವರ್‌ಗೆ, ಅದರ ಪರಿಚಯವೇ ಇಲ್ಲ. ಅಪ್‌ಗ್ರೇಡ್ ಮಾಡಿದಾಗ ಹಳೆಯ ಪಾಸ್‌ವರ್ಡ್‌ಗಳು ಎಂಡಿ5 ಆಗಿಯೇ ಬಂದಿದ್ದವು, ಅದಕ್ಕೇ ನಾಲ್ಕು ದಿನ ಎಲ್ಲ ಸರಿಯಿತ್ತು. ಪಾಸ್‌ವರ್ಡ್ ಬದಲಿಸಿದ ಗಳಿಗೆಯಲ್ಲಿ ಅದು ಸ್ಕ್ರಾಮ್ ಆಯಿತು. ಅಪ್‌ಗ್ರೇಡ್‌ನ ಪರಿಣಾಮ ಅಪ್‌ಗ್ರೇಡ್ ದಿನವೇ ಕಾಣಬೇಕೆಂದಿಲ್ಲ ಎಂಬುದು ಇದರಿಂದ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು.

ಎಂಡಿ5ಗೆ ವಾಪಸ್ ಹೋಗೋಣ ಎಂದು ಒಬ್ಬರು ಹೇಳಿದರು. ಎರಡು ಸಾಲಿನ ಕೆಲಸ, ಆಗುತ್ತಿತ್ತು. ಡಿಬಿಎ ಒಪ್ಪಲಿಲ್ಲ. ಒಂದು ಹಳೆಯ ಡ್ರೈವರ್‌ಗೋಸ್ಕರ ಎಲ್ಲರ ಬೀಗವನ್ನೂ ಸಡಿಲ ಮಾಡುವುದು ಬೇಡ ಎಂದು ಆ ಕಂಪ್ಯೂಟರ್‌ಗೆ ಹೊಸ ಡ್ರೈವರ್ ಹಾಕಿಸಿದರು. ಒಂದು ಮಧ್ಯಾಹ್ನ ಹೋಯಿತು, ವರದಿ ಒಂದು ದಿನ ತಡವಾಯಿತು. ಅವರ ನಿರ್ಧಾರ ಸರಿ ಎಂದೇ ನನ್ನ ಅನಿಸಿಕೆ.

ಅದೇ ವಾರ ಡೆವಲಪರ್‌ಗಳಿಗೂ ಒಂದು ಗೊಂದಲ ಎದುರಾಯಿತು. ಪರೀಕ್ಷೆಗೆಂದು ಪಿಜಿಅಡ್ಮಿನ್‌ನಲ್ಲಿ ಹೊಸ ಡೇಟಾಬೇಸ್ ಮಾಡಿದರೆ ಅಪ್ಲಿಕೇಶನ್ ಅದರಲ್ಲಿ ಟೇಬಲ್ ಕಟ್ಟಲು ಆಗುತ್ತಿಲ್ಲ, ಟೇಬಲ್‌ಗಳು ಸಾಮಾನ್ಯವಾಗಿ ಹೋಗಿ ಕೂರುವ ಪಬ್ಲಿಕ್ ಸ್ಕೀಮಾಗೆ ಅನುಮತಿ ಇಲ್ಲ ಎನ್ನುತ್ತಿದೆ. ಹಳೆಯ ಡೇಟಾಬೇಸ್‌ನಲ್ಲಿ ಅದೇ ಕೆಲಸ ಆಗುತ್ತಿದೆ. ಯಾರು ಬೇಕಾದರೂ ಪಬ್ಲಿಕ್ ಸ್ಕೀಮಾದಲ್ಲಿ ಟೇಬಲ್ ಕಟ್ಟಬಹುದು ಎಂಬ ಹಳೆಯ ಅನುಮತಿಯನ್ನು 15ರಲ್ಲಿ ತೆಗೆದಿದ್ದಾರೆ. ಆದರೆ ಅದು ಹೊಸದಾಗಿ ಮಾಡುವ ಡೇಟಾಬೇಸ್‌ಗೆ ಮಾತ್ರ, ಅಪ್‌ಗ್ರೇಡ್ ಆಗಿ ಬಂದದ್ದು ತನ್ನ ಹಳೆಯ ಅನುಮತಿಯನ್ನೇ ಇಟ್ಟುಕೊಂಡಿರುತ್ತದೆ. ಅಪ್ಲಿಕೇಶನ್‌ನ ಲಾಗಿನ್‌ಗೆ ಒಂದು ಗ್ರಾಂಟ್, ಅಂದರೆ ಆ ಅನುಮತಿ, ಕೊಟ್ಟರು, ಆಯಿತು. ಮಂಗಳವಾರದ ಪಾಠ ಕೆಲಸ ಮಾಡಿತ್ತು. ಈ ಸಲ ಯಾರೂ ಸೂಪರ್‌ಯೂಸರ್ ಎಂಬ ಮಾತೆತ್ತಲಿಲ್ಲ.

ಸೊನ್ನೆ ಬೈಟ್

ಒಂಬತ್ತನೇ ದಿನ, ಸೋಮವಾರ. ಸರ್ವರ್‌ನ ಡಿಸ್ಕ್ ತುಂಬುತ್ತಾ ಬಂದಿತ್ತು. ಹಳೆಯ 9.6ರ ಫೈಲ್‌ಗಳನ್ನು ಅಳಿಸಲು ಪಿಜಿ ಅಪ್‌ಗ್ರೇಡ್ ತಾನೇ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿರುತ್ತದೆ. ಎಲ್ಲ ಚೆನ್ನಾಗಿ ನಡೆಯುತ್ತಿದೆ, ಅದನ್ನು ಓಡಿಸಿಬಿಡೋಣ ಎಂದು ಮ್ಯಾನೇಜರ್ ಹೇಳಿದರು. ಡಿಬಿಎ ಟರ್ಮಿನಲ್ ತೆರೆದು ಕೂತರು. ಆಗ ಕಿರಿಯ ಡೆವಲಪರ್ ಕೇಳಿದರು, "ಸರ್, ಇದನ್ನ ಅಳಿಸೋಕೆ ಮುಂಚೆ ಈ ವಾರದ ಒಂದು ಬ್ಯಾಕಪ್ ತೆಗೆದು ಎಲ್ಲಾದ್ರೂ ಹಾಕಿ ನೋಡೋಣ್ವಾ?"

ಬ್ಯಾಕಪ್‌ಗಳು ಇದ್ದದ್ದು ಹಿರಿಯ ಆಪರೇಟರ್ ಕಂಪ್ಯೂಟರ್‌ಗೆ ಸಿಕ್ಕಿಸಿದ ಡ್ರೈವ್‌ನಲ್ಲಿ. ಫೋಲ್ಡರ್ ತೆರೆದರು. ಫೈಲ್‌ಗಳ ಹೆಸರಿನಲ್ಲೇ ತಾರೀಕು. ಕೆಳಗಿನ ಎರಡು ಫೈಲ್‌ಗಳ ಎದುರು ದೊಡ್ಡ ಸಂಖ್ಯೆ ಇತ್ತು, ಸುಮಾರು 25 ಜಿಬಿ. ಅವುಗಳ ಮೇಲೆ ಒಂಬತ್ತು ಫೈಲ್. ಒಂಬತ್ತರ ಎದುರೂ 0 ಕೆಬಿ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಆಪರೇಟರ್ ಮೆಲ್ಲಗೆ ಹೇಳಿದರು, "ಡ್ರೈವ್‌ನಲ್ಲಿ ಜಾಗ ಜಾಸ್ತಿ ಆಗ್ತಿತ್ತು. ಹೊಸ ವರ್ಷನ್ ಚಿಕ್ಕದಾಗಿ ಬ್ಯಾಕಪ್ ಮಾಡುತ್ತೇನೋ ಅಂದ್ಕೊಂಡಿದ್ದೆ."

ಆದದ್ದು ಇಷ್ಟು. ಪಿಜಿಅಡ್ಮಿನ್ 3ರ ಸೆಟ್ಟಿಂಗ್‌ನಲ್ಲಿ, ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಪ್ರೋಗ್ರಾಂ ಎಲ್ಲಿದೆ ಎಂದು ತೋರಿಸುವ ದಾರಿಯಲ್ಲಿ, 9.6ರ ಫೋಲ್ಡರ್ ಕೊಟ್ಟಿದ್ದರು. ಹಿಂದೆ ಯಾರೋ ಅದೇ ಫೋಲ್ಡರ್‌ನ ಪಿಜಿ ಡಂಪ್ ಬಳಸಿ ಒಂದು ಬ್ಯಾಚ್ ಫೈಲ್, ಅಂದರೆ ತಾನಾಗಿ ಓಡುವ ಆಜ್ಞೆಗಳ ಪಟ್ಟಿ, ಬರೆದು, ರಾತ್ರಿ ಒಂದು ಗಂಟೆಗೆ ಓಡುವ ಹಾಗೆ ಇಟ್ಟಿದ್ದರು. ಪಾಸ್‌ವರ್ಡ್ ಬೇಕಿರಲಿಲ್ಲ, ಪಿಜಿಅಡ್ಮಿನ್ ಸೇವ್ ಮಾಡಿಟ್ಟಿದ್ದ ಪಿಜಿಪಾಸ್ ಎಂಬ ಪಾಸ್‌ವರ್ಡ್ ಫೈಲನ್ನು ಪಿಜಿ ಡಂಪ್ ಕೂಡ ಓದುತ್ತದೆ. ಪಿಜಿ ಡಂಪ್ ತನಗಿಂತ ಹಳೆಯ ಸರ್ವರ್‌ನಿಂದ ಬ್ಯಾಕಪ್ ತೆಗೆಯುತ್ತದೆ. ತನಗಿಂತ ದೊಡ್ಡ ಆವೃತ್ತಿಯ ಸರ್ವರ್ ಕಂಡರೆ, ಆವೃತ್ತಿ ಹೊಂದುತ್ತಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಹಾಗೆ ನಿಲ್ಲುವುದೇ ಸರಿ, ಗೊತ್ತಿಲ್ಲದ ರಚನೆಯನ್ನು ಅರ್ಧಂಬರ್ಧ ಬರೆಯುವುದಕ್ಕಿಂತ. ಆದರೆ ಬ್ಯಾಚ್ ಫೈಲ್ ಔಟ್‌ಪುಟ್ಟನ್ನು ದೊಡ್ಡದರ ಚಿಹ್ನೆಯಿಂದ (>) ಫೈಲಿಗೆ ತಿರುಗಿಸಿತ್ತು. ಪಿಜಿ ಡಂಪ್ ಬಾಯಿ ತೆರೆಯುವ ಮೊದಲೇ ವಿಂಡೋಸ್ ಆ ಫೈಲನ್ನು ಖಾಲಿಯಾಗಿ ಮಾಡಿಟ್ಟಿರುತ್ತದೆ. ದೋಷದ ಸಾಲು ಬೇರೆ ದಾರಿಯಲ್ಲಿ ಹೋಗುತ್ತದೆ, ರಾತ್ರಿ ಒಂದು ಗಂಟೆಗೆ ಅದನ್ನು ನೋಡುವವರಿಲ್ಲ. ಕೊನೆಯ ಸಾಲು ಇವತ್ತಿನ ಫೈಲ್ ಇದೆಯಾ ಎಂದಷ್ಟೇ ನೋಡಿ, ಬ್ಯಾಕಪ್ ಆಯಿತು ಎಂದು ಮೇಲ್ ಕಳಿಸುತ್ತಿತ್ತು. ಒಂಬತ್ತು ದಿನವೂ ಮೇಲ್ ಬಂದಿತ್ತು. ಡಿಬಿಎಗೂ ಬಂದಿತ್ತು, ನನಗೂ ಬಂದಿತ್ತು.

ಅದೇ ಬ್ಯಾಚ್ ಫೈಲ್‌ನಲ್ಲಿ ಇನ್ನೊಂದು ಸಾಲೂ ಇತ್ತು. ಹತ್ತು ದಿನ ಹಳೆಯದಾದ ಫೈಲನ್ನು ಅಳಿಸು. ಉಳಿದಿದ್ದ ಎರಡು ಒಳ್ಳೆಯ ಬ್ಯಾಕಪ್‌ಗಳೂ ಅಪ್‌ಗ್ರೇಡ್‌ನ ಶನಿವಾರದವು. ಅವತ್ತು ರಾತ್ರಿ ಒಂದು ಗಂಟೆಗೆ ಅವೂ ಹೋಗುತ್ತಿದ್ದವು. ಸರ್ವರ್ ಮೇಲಿನ ಹಳೆಯ 9.6ರ ಕಾಪಿ ಇನ್ನೇನು ಹೋಗುವುದರಲ್ಲಿತ್ತು. ರೆಪ್ಲಿಕಾ ಇತ್ತಲ್ಲ ಎಂದು ಕೇಳಬಹುದು. ರೆಪ್ಲಿಕಾ ಬ್ಯಾಕಪ್ ಆಗುವುದಿಲ್ಲ. ಇಲ್ಲಿ ಯಾರಾದರೂ ತಪ್ಪಾಗಿ ಅಳಿಸಿದರೆ ಅದೇ ಕ್ಷಣ ಅಲ್ಲೂ ಅಳಿಸುತ್ತದೆ.

ಡಿಬಿಎ ಮೊದಲು ಮಾಡಿದ್ದು ಆ ರಾತ್ರಿಯ ಕೆಲಸವನ್ನು ನಿಲ್ಲಿಸಿದ್ದು. ಆಮೇಲೆ ಎರಡು ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಸಿದರು. ಸರ್ವರ್ ಮೇಲೆ 15ರದ್ದೇ ಪಿಜಿ ಡಂಪ್‌ನಿಂದ ಹೊಸ ಬ್ಯಾಕಪ್ ತೆಗೆದರು. ಅದನ್ನು ಬಿಡುವಿನ ಯಂತ್ರವೊಂದಕ್ಕೆ ರಿಸ್ಟೋರ್ ಮಾಡಿ, ಮೂರು ದೊಡ್ಡ ಟೇಬಲ್‌ಗಳ ಸಾಲುಗಳನ್ನು ಎರಡೂ ಕಡೆ ಎಣಿಸಿದರು. ಲೆಕ್ಕ ಕೂಡಿ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಹಳೆಯ 9.6ನ್ನು ಅಳಿಸಿದ್ದು ಮಾರನೇ ದಿನ. ಡೇಟಾ ಒಂದು ಸಾಲೂ ಹೋಗಲಿಲ್ಲ. ಆ ಒಂಬತ್ತು ದಿನದಲ್ಲಿ ಡಿಸ್ಕ್ ಕೆಡಲಿಲ್ಲ, ಯಾರೂ ತಪ್ಪು ಡಿಲೀಟ್ ಓಡಿಸಲಿಲ್ಲ, ಅಷ್ಟೇ. ಅದನ್ನು ಅದೃಷ್ಟ ಎನ್ನದೆ ಬೇರೆ ಏನೂ ಎನ್ನಲಾರೆ.

ಆಮೇಲೆ

ಮೂರು ದಿನ ಬಿಟ್ಟು ಎಲ್ಲರೂ ಕೂತೆವು. ಯಾರನ್ನೂ ದೂರಬಾರದು ಎಂದು ಡಿಬಿಎ ಮೊದಲೇ ಹೇಳಿದ್ದರು. ಜಾಗ ಜಾಸ್ತಿ ಆಗುತ್ತಿದ್ದದ್ದನ್ನು ಹಿರಿಯ ಆಪರೇಟರ್ ಬಾಯಿಬಿಟ್ಟು ಹೇಳಿದ್ದರಿಂದಲೇ ಕಾರಣ ಬೇಗ ಸಿಕ್ಕಿತು. ಅದನ್ನು ಹೇಳಲು ಅವರು ಹೆದರಿದ್ದರೆ ಇನ್ನೂ ಹೊತ್ತು ಹೋಗುತ್ತಿತ್ತು.

ನಾವು ಕೇಳಿಕೊಂಡ ಪ್ರಶ್ನೆ ಒಂದೇ. ಯೋಜನೆಯಲ್ಲಿ ಪಿಜಿಅಡ್ಮಿನ್ ಯಾಕೆ ಇರಲಿಲ್ಲ? ಸಿಕ್ಕ ಉತ್ತರ ಸರಳ. ನಮ್ಮ ಕಣ್ಣಿಗೆ ಅದು ಡೇಟಾಬೇಸ್ ನೋಡುವ ಕಿಟಕಿ ಮಾತ್ರ ಆಗಿತ್ತು. ನಿಜವಾಗಿ ಅದರೊಳಗೆ ಸಿಸ್ಟಮ್ ಟೇಬಲ್‌ಗಳಿಗೆ ಕಳಿಸುವ ನೂರಾರು ಪ್ರಶ್ನೆಗಳಿದ್ದವು, ಒಂದು ಹಳೆಯ ಕ್ಲೈಂಟ್ ಲೈಬ್ರರಿ ಇತ್ತು, ಪಿಜಿ ಡಂಪ್‌ನ ದಾರಿ ಇತ್ತು, ಪಾಸ್‌ವರ್ಡ್ ಫೈಲ್ ಇತ್ತು, ಇಬ್ಬರ ಆರು ವರ್ಷದ ಕೈ ಅಭ್ಯಾಸ ಇತ್ತು. ಇವುಗಳಲ್ಲಿ ಒಂದೊಂದೂ ಒಂದೊಂದು ದಿನ ನಮ್ಮ ಮುಂದೆ ಬಂದು ನಿಂತಿತು.

ನಂತರದ ಬದಲಾವಣೆಗಳಲ್ಲಿ ನನಗೆ ಮುಖ್ಯ ಎನ್ನಿಸುವುದು ಎರಡು. ಪಿಜಿಅಡ್ಮಿನ್ 4ನ್ನು ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಇಡದೆ, ಒಂದೇ ಕಡೆ ಸರ್ವರ್ ಮೋಡ್‌ನಲ್ಲಿ ಹಾಕಿ ಬ್ರೌಸರ್‌ನಿಂದ ಬಳಸುವಂತೆ ಮಾಡಿದರು. ಈಗ ಟೂಲ್‌ನ ಆವೃತ್ತಿ ಯಾವುದು ಎಂದು ಕೇಳಿದರೆ ಒಂದೇ ಉತ್ತರ. ಸೆಟ್ಟಿಂಗ್‌ನಲ್ಲಿ ಸರ್ವರ್‌ನ ಒಂದೊಂದು ಆವೃತ್ತಿಗೂ ಬೇರೆ ಬೇರೆ ಪಿಜಿ ಡಂಪ್ ದಾರಿ ಕೊಡಬಹುದು, ಅದನ್ನೂ ಸರಿಪಡಿಸಿದರು. ಇದಕ್ಕೊಂದು ತೊಂದರೆಯೂ ಇದೆ. ಟೂಲ್‌ನಿಂದ ತೆಗೆದ ಬ್ಯಾಕಪ್ ಈಗ ಆಪರೇಟರ್ ಡೆಸ್ಕ್‌ಟಾಪ್‌ಗೆ ಬರುವುದಿಲ್ಲ, ಪಿಜಿಅಡ್ಮಿನ್ ಇರುವ ಯಂತ್ರದ ಅವರವರ ಫೋಲ್ಡರ್‌ಗೆ ಹೋಗುತ್ತದೆ. ಮೊದಲ ವಾರ ಫೈಲ್ ಎಲ್ಲಿ ಎಂದು ಹುಡುಕಾಟ ನಡೆಯಿತು.

ಎರಡನೆಯದು ರಾತ್ರಿಯ ಬ್ಯಾಕಪ್. ಅದು ಈಗ ಸರ್ವರ್‌ನಲ್ಲೇ, ಸರ್ವರ್‌ನ ಆವೃತ್ತಿಯದ್ದೇ ಪಿಜಿ ಡಂಪ್‌ನಿಂದ ಓಡುತ್ತದೆ. ಪ್ರೋಗ್ರಾಂ ಸೋತರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಗಾತ್ರ ನಿನ್ನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಮೇಲ್‌ನ ಶೀರ್ಷಿಕೆಯೇ ಬೇರೆ. ಹೊಸದು ಸರಿ ಬರುವ ತನಕ ಹಳೆಯದನ್ನು ಅಳಿಸುವುದಿಲ್ಲ. ವಾರಕ್ಕೊಮ್ಮೆ ಬಿಡುವಿನ ಯಂತ್ರದಲ್ಲಿ ಪೂರ್ತಿ ರಿಸ್ಟೋರ್ ಮಾಡುತ್ತಾರೆ. ಆ ಕೆಲಸ ಹಿರಿಯ ಆಪರೇಟರ್ ಅವರದು, ಅವರೇ ಕೇಳಿ ತೆಗೆದುಕೊಂಡದ್ದು.

15ರ ಬೆಂಬಲ 2027ರ ನವೆಂಬರ್‌ವರೆಗೆ ಇದೆ. ಮುಂದಿನ ಅಪ್‌ಗ್ರೇಡ್‌ಗೆ ಪಟ್ಟಿ ಈಗಲೇ ಶುರುವಾಗಿದೆ. ಅದರ ಮೊದಲ ಪುಟದಲ್ಲಿ ಸರ್ವರ್ ಇನ್ನೂ ಬಂದಿಲ್ಲ. ಯಾವ ಕಂಪ್ಯೂಟರ್‌ನಿಂದ, ಯಾವ ಟೂಲ್‌ನಿಂದ, ಯಾವ ಡ್ರೈವರ್‌ನಿಂದ ಯಾರು ಡೇಟಾಬೇಸ್‌ಗೆ ಬರುತ್ತಾರೆ ಎಂಬ ಪಟ್ಟಿ ಅದು. ಕಳೆದ ಸಲ ನಾನು ನೋಡಿದಾಗ ಹದಿನೇಳು ಸಾಲು ಆಗಿತ್ತು. ಎರಡು ಸಾಲುಗಳ ಮುಂದೆ ಪ್ರಶ್ನೆ ಚಿಹ್ನೆ ಇತ್ತು, ಆ ಎರಡು ಕನೆಕ್ಷನ್ ಯಾರದ್ದು ಎಂದು ಹಿರಿಯ ಆಪರೇಟರ್ ಇನ್ನೂ ಹುಡುಕುತ್ತಿದ್ದರು.